ಬಾಯಿಗೆ ಬಾರದ ಹೆಸರು

೯ ಜೂನ್ ೧೯೫೮, ಸೋಮವಾರ. ಕುಣಿಗಲ್

ಇವತ್ತು ಪೀಠದ ಮೇಲೆ ಕೂತೆ. ಈ ಒಂದು ವಾಕ್ಯ ಬರೆದು ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡುತ್ತಾ ಉಳಿದೆ, ಕಾಫಿ ಆರಿಹೋಯಿತು. ಕೂತದ್ದು ನಾನೇ ಹೌದೋ ಅಲ್ಲವೋ ಎಂದು ಇನ್ನೂ ಅನುಮಾನ. ಕುರ್ಚಿ ಬಲು ಎತ್ತರ, ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಹಿಂದಿನ ಮುನ್ಸೀಫರು ಆರಡಿ ಆಳಂತೆ. ಬಿಳಿ ಸೀರೆಯ ಮೇಲೆ ಕರಿ ಕೋಟು ಹಾಕಿಕೊಂಡು ತೀರ್ಪು ಹೇಳುವ ಹೆಂಗಸನ್ನು ಈ ಊರು ನೋಡಿರಲಿಲ್ಲ. ನೋಡಲೆಂದು ಬಾಗಿಲ ತುಂಬ ಜನ. ಬೆಂಚ್ ಗುಮಾಸ್ತರಾದ ನರಸಯ್ಯನವರಿಗೆ ನನ್ನನ್ನು ಏನೆಂದು ಕರೆಯಬೇಕೋ ತಿಳಿಯದು. ಬೆಳಿಗ್ಗೆ "ಸ್ವಾಮೀ" ಎಂದರು, ಊಟವಾದ ಮೇಲೆ "ಅಮ್ಮಾವ್ರೇ" ಎಂದರು, ಸಾಯಂಕಾಲದ ಹೊತ್ತಿಗೆ ಬರೀ ಕೆಮ್ಮಿ ಕೆಲಸ ಸಾಗಿಸಿದರು.

ಸಂಜೆ ಕೆರೆ ಏರಿಯ ಮೇಲೆ ನಡೆದೆ. ಕುದುರೆ ಸಾಕುವ ಫಾರಂ ಕಡೆಯಿಂದ ಅವು ಓಡುವ ಸದ್ದು ಕೇಳುತ್ತಿತ್ತು, ಕುದುರೆ ಮಾತ್ರ ಕಾಣಲಿಲ್ಲ. ಮರಗಳ ಹಿಂದೆ ಕೆಂಪಗೆ ಧೂಳು ಎದ್ದು ಹಾಗೇ ಗಾಳಿಯಲ್ಲಿ ನಿಂತಿತ್ತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ತುಮಕೂರಿನಲ್ಲಿ ಎಂಟು ವರ್ಷ ವಕೀಲಿ ಮಾಡಿದವಳು ಇಲ್ಲಿ ಹೀಗೆ ಹಗಲುಗನಸು ಕಾಣುತ್ತಾ ನಿಂತಿರುವುದನ್ನು ಅಪ್ಪ ನೋಡಿದ್ದರೆ ಕೋಲಿನಿಂದ ನೆಲ ಕುಟ್ಟುತ್ತಿದ್ದರು.

೨೨ ಜೂನ್, ಭಾನುವಾರ. ಗುಬ್ಬಿ

ನಿನ್ನೆ ಹೆಬ್ಬೂರಿನ ಮೇಲೆ ಬರುವ ಬಸ್ಸಿನಲ್ಲಿ ತುಮಕೂರಿಗೆ ಬಂದು ಅಪ್ಪನನ್ನು ನೋಡಿದೆ. ಇವತ್ತು ಬೆಳಿಗ್ಗೆ ಗುಬ್ಬಿಗೆ, ಅತ್ತೆಯ ಮನೆಗೆ. ಮುನ್ಸೀಫ್ ಆದ ಮೇಲೆ ಅವರಿಗೆ ನಮಸ್ಕಾರ ಮಾಡಿರಲಿಲ್ಲ.

ನನಗೆ ಒಂಬತ್ತಕ್ಕೆ ಮದುವೆಯಾಗಿ, ಹನ್ನೊಂದಕ್ಕೆ ಎಲ್ಲ ಮುಗಿದಿತ್ತು. ನನ್ನನ್ನು ಕಟ್ಟಿಕೊಂಡ ಗುಬ್ಬಿಯವರು ವಿಷಮಜ್ವರದಲ್ಲಿ ಹೋದಾಗ ಅವರಿಗೆ ಹದಿನಾಲ್ಕು. ನನ್ನ ತಲೆಗೂದಲು ತೆಗೆಸಬೇಕೆಂದು ಹಿರಿಯರು ಕೂತಾಗ, ಮಗನನ್ನು ಕಳೆದುಕೊಂಡ ಅತ್ತೆ ಕೌಸಲ್ಯಮ್ಮನವರೇ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು "ಈ ಕೂಸನ್ನ ಮುಟ್ಟಬೇಡಿ, ಓದ್ಕೊಳ್ಳಲಿ" ಎಂದರಂತೆ. ಈ ಕರಿ ಕೋಟು ಅವರು ಕೊಟ್ಟದ್ದು ಎಂದೇ ನಾನು ತಿಳಿದಿದ್ದೇನೆ.

ಆ ಮನೆಯಲ್ಲಿ ಹಿರಿಯ ಮಗನ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಅತ್ತೆ ತಡೆದುಕೊಳ್ಳಲಾರರೆಂದು ಮಾವ ಇದ್ದಾಗಲೇ ಹಾಕಿದ ಕಟ್ಟಳೆ. ಹೇಳಲೇಬೇಕಾದರೆ ಮೈದುನನೂ ಓರಗಿತ್ತಿಯೂ "ದೊಡ್ಡವನು" ಎಂದು ದಾಟಿಸಿಬಿಡುತ್ತಾರೆ. ನಾನು ಇಲ್ಲಿ ಗುಬ್ಬಿಯವರು ಎಂದು ಬರೆಯುವುದು ಬೇರೆ ಮಾತು. ಅದು ಬರೀ ಅಭ್ಯಾಸ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ವೇ ಭಾಗೀರಥಿ, ಪುಟ್ಟವಳಿದ್ದಾಗ ಎಲೆ ಮುಂದೆ ಕೂತಲ್ಲೇ ತೂಕಡಿಸ್ತಿದ್ದೆ. ಅಷ್ಟು ದೊಡ್ಡ ಕುರ್ಚೀಲಿ ನಿದ್ದೆ ಬರಲ್ವೇನೇ?" ಎಂದರು.

"ಬರುತ್ತೆ ಅತ್ತೆ. ವಕೀಲರು ಬಿಡಲ್ಲ."

ನಕ್ಕರು. ಅವರು ನಕ್ಕರೆ ಮನೆಯೆಲ್ಲ ಹಗುರಾಗುತ್ತದೆ.

೧೫ ಜುಲೈ, ಮಂಗಳವಾರ. ಕುಣಿಗಲ್

ಹುತ್ರಿದುರ್ಗದ ಪುಟ್ಟತಾಯಮ್ಮನ ದಾವೆ ಇವತ್ತು ನನ್ನ ಮುಂದೆ ಬಂತು. ಮೊದಲ ಗಂಡ ಸತ್ತ ಮೇಲೆ ಅದೇ ಊರಿನ ಕದರಯ್ಯ ಅವಳನ್ನು ಕೂಡಿಕೆ ಮಾಡಿಕೊಂಡನಂತೆ. ಅಂದರೆ ಓಲಗವಿಲ್ಲ, ಧಾರೆಯಿಲ್ಲ. ಊರ ಹಿರಿಯರ ಮುಂದೆ ಒಂದು ಸೀರೆ ಕೊಟ್ಟು, ಉಡಿಸಿ, ಮನೆ ತುಂಬಿಸಿಕೊಳ್ಳುವುದು. ಆ ಕಡೆಯ ಒಕ್ಕಲು ಮನೆಗಳಲ್ಲಿ ವಿಧವೆಗೆ ಅದೇ ಮದುವೆ. ಹದಿನೈದು ವರ್ಷ ಅವನ ತೆಂಗಿನ ತೋಟಕ್ಕೆ ನೀರು ಕಟ್ಟಿದಳು, ರಾಗಿ ಹೊಲ ಕೊಯ್ದಳು, ಅವನ ತಾಯಿಯ ಕಡೆಗಾಲ ನೋಡಿಕೊಂಡಳು. ಈಗ ಕದರಯ್ಯನಿಗೆ ಹೊಸ ಮದುವೆಯ ಹಂಬಲ. ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರಬಾರದೆಂದು ಮೂರು ವರ್ಷದ ಹಿಂದೆ ಕಾನೂನು ಬಂದಿದೆಯಲ್ಲ, ಅದಕ್ಕೆ ಅವನು ಕಂಡುಕೊಂಡ ಉಪಾಯ ಸರಳ. ಇವಳು ಹೆಂಡತಿಯೇ ಅಲ್ಲ, ಕೂಲಿಗೆ ಬಂದವಳು. ಅವಳ ಸಾಮಾನನ್ನು ಆಗಲೇ ಹಿತ್ತಲ ಕೊಟ್ಟಿಗೆಗೆ ಎಸೆದಿದ್ದಾನೆ. ಅವಳು ಹೆಂಡತಿ ಎಂದು ನಾನು ಹೇಳಿದರೆ ಮನೆಯಲ್ಲಿ ಇರುತ್ತಾಳೆ. ಅಲ್ಲ ಎಂದರೆ ಕೊಟ್ಟಿಗೆಯಿಂದಲೂ ಹೊರಡಬೇಕು.

ಅವಳ ಪರವಾಗಿ ಯುವಕ ರುದ್ರಯ್ಯ, ಕದರಯ್ಯನ ಪರವಾಗಿ ಶಿವರಾಮಯ್ಯನವರು. ಶಿವರಾಮಯ್ಯನವರ ಜರಿ ಪೇಟವನ್ನು ನೋಡಿಯೇ ಸಾಕ್ಷಿಗಳು ಅರ್ಧ ಸತ್ಯ ಮರೆಯುತ್ತಾರೆ. ಅವರ ದನಿಯೋ, ಮಧ್ಯಾಹ್ನದ ಬಿಸಿಲಿನಲ್ಲಿ ಜೋಗುಳ. ಹೆಂಚಿನ ಸಂದಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತವೆ, ಬೆಳಕಿನ ಕೋಲುಗಳು ಕಕ್ಷಿಗಾರರ ತಲೆಯ ಮೇಲೆ ಮೆಲ್ಲಗೆ ಸರಿಯುತ್ತವೆ, ಮಾತುಗಳೆಲ್ಲ ಕೆರೆಯ ಆಚೆ ದಡದಿಂದ ಕೇಳುತ್ತವೆ. ಅತ್ತೆ ಕೇಳಿದ್ದು ತಮಾಷೆಗಲ್ಲ.

೧೮ ಜುಲೈ

ಕನಸು. ಕೆರೆ ಏರಿಯ ಮೇಲೆ ಗುಬ್ಬಿಯವರು ಬೆನ್ನು ಮಾಡಿಕೊಂಡು ನಿಂತಿದ್ದರು. ನೀರು ಏರಿಯ ತುದಿಗೆ ಬಂದಿದೆ, ಕರೆಯಬೇಕು. "ಇಲ್ನೋಡಿ" ಎಂದೆ. "ಸ್ವಲ್ಪ ಇಲ್ನೋಡಿ" ಎಂದೆ. ಅವರು ತಿರುಗಲಿಲ್ಲ. ಎದ್ದಾಗ ಹಾಲಿನವಳು ಬಾಗಿಲು ಬಡಿಯುತ್ತಿದ್ದಳು.

೭ ಆಗಸ್ಟ್, ಗುರುವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. ವಿವರವಾಗಿ ಬರೆದುಕೊಳ್ಳುತ್ತೇನೆ.

ಪುಟ್ಟತಾಯಮ್ಮ ಸಾಕ್ಷಿಕಟ್ಟೆ ಹತ್ತಿದಳು. ನಲವತ್ತರ ಹೆಂಗಸು, ಬಿಸಿಲಿಗೆ ಕಾದು ತಾಮ್ರದ ಬಣ್ಣಕ್ಕೆ ತಿರುಗಿದ ಮುಖ. ಮಾತು ಗಟ್ಟಿ. ಸೀರೆ ಕೊಟ್ಟ ದಿನ ಯಾರು ಯಾರು ಇದ್ದರು ಎಂದರೆ ಪಟೇಲ ಸಿದ್ದಗಂಗಯ್ಯನಿಂದ ಹಿಡಿದು ಊರಿನ ಗಂಡಸರನ್ನೆಲ್ಲ ಹೆಸರು ಹಿಡಿದು ಹೇಳಿದಳು. ಆಮೇಲೆ ರುದ್ರಯ್ಯ ಕೇಳಿದ, "ನಿನ್ನ ಗಂಡನ ಹೆಸರೇನಮ್ಮ?"

"ಅಕಾ, ಅಲ್ ಕುಂತವ್ರಲ್ಲ, ಅವ್ರೇಯ."

"ಹೆಸರು ಹೇಳಬೇಕು."

"ಅದೆಂಗ್ ಹೇಳಾದು ಬುದ್ಧಿ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೋರ್ಟು ನಕ್ಕಿತು. ವಕೀಲರು ನಕ್ಕರು, ಬಾಗಿಲಲ್ಲಿ ನಿಂತವರು ನಕ್ಕರು, ಕದರಯ್ಯನೂ ಮೀಸೆಯಡಿಯಲ್ಲಿ ನಕ್ಕ. ಬೆರಳು ಮಾಡಿ ತೋರಿಸಿದಳೆಂದು ಬರೆದುಕೊಂಡರೆ ಸಾಕೆಂದು ರುದ್ರಯ್ಯ ಮೆಲ್ಲಗೆ ಹೇಳಿದ. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ತುಮಕೂರಿನಲ್ಲಿ ಮಹಿಳಾ ಸಮಾಜದ ಹೆಂಗಸರನ್ನು ಕೂರಿಸಿಕೊಂಡು ಆಸ್ತಿಯ ಹಕ್ಕು, ಮದುವೆಯ ಹಕ್ಕು ಹೇಳಿಕೊಡುವಾಗಲೆಲ್ಲ ನಾನು ಮೊದಲು ಹೇಳುತ್ತಿದ್ದದ್ದೇ ಇದು. ಗಂಡನ ಹೆಸರಿಗೆ ಹೆದರುವವಳು ಗಂಡನ ಅನ್ಯಾಯಕ್ಕೆ ಹೇಗೆ ಎದುರು ನಿಂತಾಳು?

"ಪುಟ್ಟತಾಯಮ್ಮ, ಹೆಸರು ಹೇಳಿ. ಇಲ್ಲಿ ಹೆಣ್ಣು ಯಾರ ಹೆಸರಿಗೂ ಹೆದರಬೇಕಾಗಿಲ್ಲ" ಎಂದೆ.

"ಅವ್ರ ಆಯಸ್ಸು ಕಮ್ಮಿ ಆಯ್ತದೆ ಕಣವ್ವ. ಕಟ್ಕಂಡೋಳು ಹೆಸರು ಹೇಳ್ಯಾಳಾ? ನಮ್ಮೂರ್ನಾಗೆ ಯಾರೂ ಹೇಳಾಕಿಲ್ಲ."

"ಏನೂ ಆಗಲ್ಲ. ಹೇಳಿ. ಇದು ಕೋರ್ಟಿನ ಆಜ್ಞೆ."

ಅವಳು ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಪಾರಿವಾಳಗಳೂ ಸುಮ್ಮನಾದವೆಂದು ನನಗೆ ಅನಿಸಿತು. "ಕದರಯ್ಯ" ಎಂದಳು. ಕಣ್ಣಿನಿಂದ ನೀರು ಇಳಿಯಿತು. ನಗುತ್ತಿದ್ದವರು ಬಾಯಿ ಮುಚ್ಚಿದರು. ಕದರಯ್ಯ ತನ್ನ ಕಾಲ್ಬೆರಳು ನೋಡಿಕೊಂಡ. ಶಿವರಾಮಯ್ಯನವರು ಮಾತ್ರ ಬಹಳ ಪ್ರಸನ್ನವಾಗಿ ಏನೋ ಗುರುತು ಹಾಕಿಕೊಂಡರು.

ಅವರ ಪ್ರಸನ್ನತೆ ನನಗೆ ಅರ್ಥವಾಗಲಿಲ್ಲ. ಇರಲಿ. ಸಂಜೆ ಕೆರೆಯ ಮೇಲೆ ಮೋಡ ಬಂದು, ನೀರೆಲ್ಲ ಬೆಳ್ಳಿಯಾಗಿತ್ತು. ಮನಸ್ಸು ತುಂಬಿತ್ತು.

೨೯ ಆಗಸ್ಟ್, ಶುಕ್ರವಾರ

ಅವಳು ಹೆಸರಿಸಿದ ಗಂಡಸರಲ್ಲಿ ಬದುಕಿರುವವರು ಕದರಯ್ಯನ ವಿರುದ್ಧ ಬಾಯಿ ಬಿಡಲೊಲ್ಲರು, ಕೂಡಿಕೆಗೆ ಸಾಕ್ಷಿ ಹೇಳಲು ಬಂದವಳು ಚಿಕ್ಕಮಾರಮ್ಮ ಎಂಬ ಮುದುಕಿ ಒಬ್ಬಳೇ. "ಸೀರೆ ಉಡ್ಸಿದ್ದೇ ನಾನು ಬುಡಿ, ಹಸಿರು ಸೀರೆ, ಕೆಂಪಂಚು" ಎಂದು ಹಿಂದಿನ ವಾರ ಹೇಳಿ ಹೋಗಿದ್ದಳು. ಅವಳು ಪುಟ್ಟತಾಯಮ್ಮನ ಸೋದರತ್ತೆ, ನಂಬಬಾರದು ಎಂದು ಶಿವರಾಮಯ್ಯನವರು ಇವತ್ತು ವಾದ ಶುರುಮಾಡಿದರು. ಅಷ್ಟಾದರೆ ಸರಿಯೇ ಇತ್ತು.

ಆಮೇಲೆ ಪೇಟ ಸರಿಮಾಡಿಕೊಂಡು ಹೇಳಿದರು: "ಈ ಸೀಮೆಯ ಗೃಹಿಣಿ ಗಂಡನ ಹೆಸರನ್ನು ಪ್ರಾಣ ಹೋದರೂ ಹೇಳುವುದಿಲ್ಲ. ಇದು ನನ್ನ ಮಾತಲ್ಲ, ವಾದಿಯೇ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದ್ದಾಳೆ. ಕಟ್ಟಿಕೊಂಡವಳು ಹೆಸರು ಹೇಳ್ಯಾಳಾ ಎಂದು ಅವಳದೇ ಪ್ರಶ್ನೆ. ಹಾಗೆಂದ ಮರುಕ್ಷಣ ನನ್ನ ಕಕ್ಷಿಗಾರನ ಹೆಸರನ್ನು ತುಂಬಿದ ಕೋರ್ಟಿನಲ್ಲಿ ಹೇಳಿದಳು. ಅವನು ಗಂಡನಾಗಿದ್ದರೆ ಹೇಳುತ್ತಿದ್ದಳೇ? ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕು?"

ಕೋರ್ಟು ತಲೆದೂಗಿತು. ನಾನು ಕಂಡೆ, ಎಲ್ಲರೂ ತಲೆದೂಗಿದರು. ಪುಟ್ಟತಾಯಮ್ಮ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ನೀವು ಹೇಳು ಅಂದ್ರಿ, ಹೇಳಿದೆ, ಮುಂದೇನು ಎನ್ನುವಂತೆ.

ಆ ಕೇಸಿನಲ್ಲಿ ಅವಳ ಕೈಲಿದ್ದ ದೊಡ್ಡ ಸಾಕ್ಷಿ ಅವಳ ಮೌನ. ಅದನ್ನು ನಾನು ಕಿತ್ತುಕೊಂಡೆ. ಒಳ್ಳೆಯದು ಮಾಡುತ್ತೇನೆಂದು ಕಿತ್ತುಕೊಂಡೆ. ನಾಚಿಕೆಯಾಗುತ್ತಿದೆ.

೩೧ ಆಗಸ್ಟ್, ಭಾನುವಾರ. ತುಮಕೂರು

ಅಪ್ಪನ ಮುಂದೆ ಎಲ್ಲ ಹೇಳಿದೆ. ಅಪ್ಪ, ಅಂದರೆ ಸೀತಾರಾಮಯ್ಯನವರು, ವಕೀಲಿ ಬಿಟ್ಟು ಆರು ವರ್ಷವಾದರೂ ಕೇಸು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಶಿವರಾಮು ಬುದ್ಧಿವಂತ" ಎಂದರು ಮೊದಲು. ನನಗೆ ಅಳುವೇ ಬಂತು.

"ನೀನು ಬಲವಂತ ಮಾಡಿದ್ದು ದಾಖಲೆಯಲ್ಲಿ ಇದೆಯಾ?"

"ಇಲ್ಲ. ಪ್ರಶ್ನೆ, ಉತ್ತರ ಅಷ್ಟೇ ಬರೆಸಿದೆ. ನಾನು ಆಜ್ಞೆ ಮಾಡಿದ್ದು ಬರೆಸಲಿಲ್ಲ."

"ಹಾಗಿದ್ರೆ ತೀರ್ಪಿನಲ್ಲಿ ಬರಿ. ನಾನು ಹೇಳಿಸಿದೆ, ಅವಳಾಗಿ ಹೇಳಲಿಲ್ಲ ಅಂತ. ಅಪೀಲಿಗೆ ಹೋಗೇ ಹೋಗುತ್ತೆ. ಮೇಲಿನವರು ಓದಿ ನಗ್ತಾರೆ, ಹೆಂಗಸನ್ನ ಕೂರಿಸಿದ್ರೆ ಹೀಗೇ ಅಂತಾರೆ. ನಿನ್ನ ಬಡ್ತಿ ಗಿಡ್ತಿ ಎಲ್ಲ ಎರಡು ವರ್ಷ ನಿಲ್ಲುತ್ತೆ. ಬರೀದೇ ಇದ್ರೆ ನಿನಗೇನೂ ಆಗಲ್ಲ, ಅವಳ ಮನೆ ಹೋಗುತ್ತೆ."

ಹೊರಗೆ ಗಾಡಿಯ ಎತ್ತಿನ ಗಂಟೆ ಸಾಗಿಹೋಯಿತು. ಅಪ್ಪ ಕನ್ನಡಕ ಹಾಕಿಕೊಂಡು, "ಭಾಗೂ, ನೀನು ಎಂದಾದ್ರೂ ಹೇಳಿದೀಯೇನಮ್ಮ?" ಎಂದರು.

"ಏನನ್ನ?"

"ನಮ್ಮ ಅಳಿಯನ ಹೆಸರನ್ನ."

ಇದೆಂಥ ಪ್ರಶ್ನೆ! ನಾನು ಅದನ್ನೆಲ್ಲ ನಂಬುವವಳಲ್ಲ. ಹೇಳುವ ಸಂದರ್ಭ ಬಂದಿಲ್ಲ, ಅಷ್ಟೆ. ಹಾಗೆಂದು ಹೇಳಿ ಎದ್ದು ಒಳಗೆ ಹೋದೆ. ಅಪ್ಪನಿಗೆ ವಯಸ್ಸಾಯಿತು.

೧೩ ಸೆಪ್ಟೆಂಬರ್, ಶನಿವಾರ. ಕುಣಿಗಲ್

ಬರೆದೆ. ಹರಿದೆ. ಬರೆದೆ.

೧೯ ಸೆಪ್ಟೆಂಬರ್, ಶುಕ್ರವಾರ

ತೀರ್ಪು ಕೊಟ್ಟಾಯಿತು.

ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ, ಪುಟ್ಟತಾಯಮ್ಮನಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿದೆ. ಚಿಕ್ಕಮಾರಮ್ಮ ನೆಂಟಳಾದ ಮಾತ್ರಕ್ಕೆ ಸುಳ್ಳಿಯಲ್ಲ. ಸೀರೆ ಉಡಿಸಲು ಕರೆಯುವುದು ನೆಂಟರನ್ನೇ. ಹದಿನೈದು ವರ್ಷ ಒಂದೇ ಒಲೆಯಲ್ಲಿ ಉಂಡ ಹೆಂಗಸನ್ನು ಕೂಲಿಯವಳು ಎನ್ನಲಾಗದು. ಆಮೇಲೆ ಆ ಭಾಗ ಬಂತು. ನರಸಯ್ಯನವರು ಕೇಳದೆಯೇ ನೀರಿನ ಲೋಟ ಇಟ್ಟರು. "ವಾದಿ ಪ್ರತಿವಾದಿಯ ಹೆಸರು ಹೇಳಲು ಎರಡು ಸಲ ನಿರಾಕರಿಸಿದಳು. ಊರಿನ ಬೇರೆಲ್ಲ ಗಂಡಸರ ಹೆಸರು ಹೇಳಿದವಳು ಅವನೊಬ್ಬನ ಹೆಸರನ್ನು ಹೇಳಲೊಲ್ಲೆ ಎಂದಳು. ಅವನು ಗಂಡನೆಂಬುದಕ್ಕೆ ಆ ನಿರಾಕರಣೆಯೇ ಸಾಕ್ಷಿ. ಕೊನೆಗೆ ಹೇಳಿದ್ದು ಈ ನ್ಯಾಯಾಧೀಶೆ ಆಜ್ಞೆ ಮಾಡಿದ್ದರಿಂದ. ಆ ಆಜ್ಞೆ ತಪ್ಪು. ನನ್ನ ತಪ್ಪಿಗೆ ಅವಳು ಮನೆ ಕಳೆದುಕೊಳ್ಳುವಂತಿಲ್ಲ." ಪುಟ್ಟತಾಯಮ್ಮ ಕದರಯ್ಯನ ಧರ್ಮಪತ್ನಿ, ಆ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ, ಅನ್ನಬಟ್ಟೆ ಅವನದು.

ಶಿವರಾಮಯ್ಯನವರು ನನ್ನನ್ನು ಬಹಳ ಹೊತ್ತು ನೋಡಿ, ಪೇಟದ ತಲೆ ಬಗ್ಗಿಸಿದರು. ಅಪೀಲು ಮಾಡುವುದಂತೂ ಖಂಡಿತ.

ಎಲ್ಲರೂ ಏಳುವಾಗ ಪುಟ್ಟತಾಯಮ್ಮ ಮುಂದೆ ಬಂದು ನಿಂತಳು. "ಒಂದ್ ಮಾತು ಹೇಳ್ಲಾ ಅವ್ವಾ?"

ಹೇಳು ಎಂದೆ. ಆಜ್ಞೆಯಂತೆ ಕೇಳದಿರಲಿ ಎಂದು ಮೆಲ್ಲಗೆ ಎಂದೆ.

"ಅವತ್ತು ನೀವು ಹೇಳ್ಸಿದ್ರಲ್ಲ, ಕೊಟ್ಗೆಗೋಗಿ ಅನ್ನ ಇಳೀನಿಲ್ಲ. ಏನ್ ಆಯ್ತದೋ ಏನೋ ಅಂತ ಎದೆ ಡವಡವ ಅನ್ನಾದು. ಬೆಳಿಗ್ಗೆ ಎದ್ ನೋಡ್ತೀನಿ, ಕದರಯ್ಯ ಜಗಲಿ ಮ್ಯಾಲೆ ಕುಂತ್ಕಂಡು ಬೀಡಿ ಸೇದ್ತಾವ್ನೆ! ಏನೂ ಆಗಿಲ್ಲ. ಅವತ್ತಿಂದ ನಂಗೆ ಅವನೂ ಊರ್ನೋರಂಗೇ ಒಬ್ಬ ಅನ್ನಿಸ್ಬುಡ್ತು. ಮನೆ ಕೊಡ್ಸಿದ್ರಿ, ಇರ್ತೀನಿ. ನನ್ ಕೈಯಾರೆ ಸಾರ್ಸಿರೋ ಮನೆ ಅದು. ಆದ್ರೆ ಕದರಯ್ಯಂಗೆ ಹಿಟ್ಟು ಬೇಯಿಸಿ ಇಕ್ಕು ಅಂತ ಮಾತ್ರ ಬರೀಬ್ಯಾಡಿ."

ಮತ್ತೆ ಕೋರ್ಟು ನಕ್ಕಿತು. ಈ ಸಲದ ನಗು ಬೇರೆ. ಅವಳೂ ನಗುತ್ತಿದ್ದಳು, ನಾನೂ ನಕ್ಕೆ. ಕದರಯ್ಯ ಒಬ್ಬನೇ ನಗಲಿಲ್ಲ. ತನ್ನ ಹೆಸರನ್ನು ಯಾರೋ ಬೀದಿಯಲ್ಲಿ ಬೀಳಿಸಿಕೊಂಡು ಹೋದಂತೆ ನಿಂತಿದ್ದ. ಅವನ ಮೇಲೂ ಒಂದು ಗಳಿಗೆ ಕನಿಕರವಾಯಿತು.

೨೮ ಸೆಪ್ಟೆಂಬರ್

ಬೆಳಗಿನ ಜಾವ ಮಂಜು. ಕೆರೆ ಎಲ್ಲಿ ಮುಗಿದು ಬಯಲು ಎಲ್ಲಿ ಶುರುವಾಗುತ್ತದೆಂದು ತಿಳಿಯದು. ಏರಿಯ ಮೇಲೆ ಹೋಗುವಾಗ ಮಂಜಿನೊಳಗಿಂದ ಕುದುರೆಗಳು ಬಂದವು. ಸದ್ದು ಮೊದಲು, ಆಮೇಲೆ ಬಿಸಿಯುಸಿರು, ಆಮೇಲೆ ಮುಖ. ಕಂದು ಮರಿಯೊಂದು ಬೇಲಿಯ ಹತ್ತಿರ ನಿಂತು ನನ್ನನ್ನು ನೋಡಿ, ತಲೆ ಕೊಡವಿ ಓಡಿತು.

ಮನೆಗೆ ಬಂದು ಮತ್ತೆ ಮಲಗಿದಾಗ ಕನಸು. ಅದೇ ಏರಿ. ಅವನು ಈ ಸಲ ತಿರುಗಿದ. ಎಷ್ಟು ಚಿಕ್ಕವನು! ಕಿವಿಯಲ್ಲಿ ಚಿನ್ನದ ಒಂಟಿ, ಮೊಣಕಾಲಿನಲ್ಲಿ ಗಾಯದ ಕಲೆ, ಮೀಸೆ ಇನ್ನೂ ಬಂದಿಲ್ಲ. ಚಳಿಯಲ್ಲಿ ನಡುಗುತ್ತಿದ್ದ. ನನ್ನ ಸೆರಗು ಹೊದಿಸಿದೆ. ಎಚ್ಚರವಾದ ಮೇಲೆ ಬಹಳ ಹೊತ್ತು ಅತ್ತುಬಿಟ್ಟೆ. ಅವನು ಹೋದಾಗ ಹಿರಿಯರು ನನ್ನನ್ನು ಅಳಿಸಿದ್ದರು, ಯಾಕೆ ಅಳಬೇಕೆಂದು ತಿಳಿದಿರಲಿಲ್ಲ. ಆ ಮಗು ಬದುಕಬೇಕಾಗಿತ್ತು.

೧೯ ಅಕ್ಟೋಬರ್, ಭಾನುವಾರ. ಗುಬ್ಬಿ

ದಸರಾ ರಜೆ. ಕದರಯ್ಯ ಅಪೀಲು ಹಾಕಿದ್ದಾನೆಂದು ತುಮಕೂರಿನಲ್ಲೇ ಸುದ್ದಿ. ತೀರ್ಪಿನ ಆ ಭಾಗವನ್ನು ವಕೀಲರ ಕೋಣೆಯಲ್ಲಿ ಗಟ್ಟಿಯಾಗಿ ಓದಿ ನಗುತ್ತಿದ್ದಾರಂತೆ. ಓದಲಿ. ಅಪೀಲು ಮುಗಿಯುವವರೆಗೂ ಪುಟ್ಟತಾಯಮ್ಮ ಮನೆಯಲ್ಲೇ ಇರಬಹುದೆಂದು ಮೇಲಿನ ಕೋರ್ಟೂ ಹೇಳಿದೆ, ನನಗೆ ಅಷ್ಟು ಸಾಕು.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಹಜಾರದ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದರು. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತು ಹತ್ತಿ ಬಿಡಿಸಿಕೊಡುತ್ತಿದ್ದೆ. ಬಿಸಿಲು ತೊಟ್ಟಿಯೊಳಗೆ ಇಳಿದು ನಿದ್ದೆ ಹೋಗಿತ್ತು. ಒಳಗೆ ಓರಗಿತ್ತಿ ಪಾತ್ರೆ ತೊಳೆಯುತ್ತಿದ್ದಳು. ಅವಳು ಮಾಡಿದ್ದ ಹೂರಣದ ಕಡುಬನ್ನು ನಾನು ನಾಲ್ಕು ತಿಂದದ್ದರ ಬಗ್ಗೆ ಅತ್ತೆ ತಮಾಷೆ ಮಾಡುತ್ತಿದ್ದರು. ಮಾತಿಗೆ ಮಾತು ಬಂದು, "ಅನಂತರಾಮನಿಗೂ ಕಡುಬು ಇಷ್ಟವಿತ್ತೇ ಅತ್ತೆ?" ಎಂದು ಕೇಳಿದೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆಯ ಕೈಯೂ ನಿಂತಿತು.

"ಏನಂದೆ?"

"ಅನಂತರಾಮನಿಗೆ ಕಡುಬು ಇಷ್ಟವಿತ್ತೇ ಅಂದೆ."

ಅವರು ತಲೆಯನ್ನು ಕಂಬಕ್ಕೆ ಆನಿಸಿ ಕಣ್ಣು ಮುಚ್ಚಿದರು. ಹತ್ತಿ ಮಡಿಲಿನಿಂದ ಜಾರಿತು. "ಇನ್ನೊಂದ್ಸಲ ಹೇಳೇ" ಎಂದರು.

ಅವರ ಕಿವಿ ಇಷ್ಟು ಮಂದವಾಗಿದೆಯೆಂದು ನನಗೆ ತಿಳಿದೇ ಇರಲಿಲ್ಲ. ಮುಂದಿನ ಸಲ ತುಮಕೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಬೇಕು. ಹತ್ತಿರ ಸರಿದು, ಕಿವಿಯ ಬಳಿ ಬಾಯಿಟ್ಟು ಜೋರಾಗಿ ಹೇಳಿದೆ.